ಪೌಷ್ಟಿಕಾಂಶದ ಪಟ್ಟಿ: ಯಾರ ತಟ್ಟೆಗೆ ಎಷ್ಟು?

ಕೃಷ್ಣರಾಜಪುರದ ಸಂತೆಯಲ್ಲಿ ತರಕಾರಿ ಮೂಟೆ ಹೊರುವ ಒಬ್ಬರು ಕಳೆದ ವರ್ಷ ಹೆಂಡತಿಯನ್ನು ಕರೆದುಕೊಂಡು ನನ್ನ ದವಾಖಾನೆಗೆ ಬಂದಿದ್ದರು. ಆಕೆಗೆ ಮೂವತ್ತೆರಡು ವರ್ಷ, ಮೂರು ಮಕ್ಕಳು. ಮನೆಯಲ್ಲೇ ಹೊಲಿಗೆ ಕೆಲಸ. ಎರಡು ಮಹಡಿ ಹತ್ತುವಷ್ಟರಲ್ಲಿ ಏದುಸಿರು, ಕೂದಲು ಉದುರುವುದು, ಯಾವಾಗಲೂ ಸುಸ್ತು. ಕಣ್ಣಿನ ಕೆಳರೆಪ್ಪೆ ಬಿಡಿಸಿ ನೋಡಿದರೆ ಒಳಗೆ ಬಿಳಿಚಿಕೊಂಡಿತ್ತು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 8.4 ಬಂತು. ಗರ್ಭಿಣಿಯಲ್ಲದ ಹೆಂಗಸಿಗೆ ಅದು 12ಕ್ಕಿಂತ ಕಡಿಮೆ ಇರಬಾರದು.

ಗಂಡ ಕೈಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಹಾಲಿಗೆ ಬೆರೆಸಿ ಕುಡಿಯುವ ಪುಡಿ. ಎರಡು ದಿನದ ಕೂಲಿ ಕೊಟ್ಟು ತಂದಿದ್ದರು. ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಕೇಳಿದರು: "ಹಕೀಂ ಸಾಬ್, ಇಲ್ಲಿ ದಿನದ ಅಗತ್ಯದಲ್ಲಿ ಶೇಕಡಾ ಇಷ್ಟು ಅಂತ ಬರ್ದಿದಾರೆ. ಇದು ಯಾರ ದಿನ? ನಂದಾ, ಇವಳದ್ದಾ?"

ಇಪ್ಪತ್ತು ವರ್ಷದ ವೃತ್ತಿಯಲ್ಲಿ ಇಷ್ಟು ಸರಿಯಾದ ಪ್ರಶ್ನೆಯನ್ನು ನನಗೆ ಬೇರೆ ಯಾರೂ ಕೇಳಿರಲಿಲ್ಲ. ಅವರಿಗೆ ಅಂದು ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ನಿಮಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಟ್ಟಿ ಎಲ್ಲಿಂದ ಬಂತು?

ಒಬ್ಬ ಮನುಷ್ಯನಿಗೆ ದಿನಕ್ಕೆ ಎಷ್ಟು ಕ್ಯಾಲೊರಿ, ಎಷ್ಟು ಪ್ರೋಟೀನ್, ಎಷ್ಟು ಕಬ್ಬಿಣಾಂಶ ಬೇಕು ಎಂಬುದನ್ನು ನಮ್ಮ ದೇಶದಲ್ಲಿ ಹೇಳುವುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ. ಈ ಸಂಸ್ಥೆ ಶುರುವಾದದ್ದು 1918ರಲ್ಲಿ, ನೀಲಗಿರಿಯ ಕೂನೂರಿನಲ್ಲಿ, ಬೆರಿಬೆರಿ ಕಾಯಿಲೆಯನ್ನು ಶೋಧಿಸುವ ಸಣ್ಣ ಘಟಕವಾಗಿ. ರಾಬರ್ಟ್ ಮೆಕ್‌ಕ್ಯಾರಿಸನ್ ಅದರ ಮುಖ್ಯಸ್ಥರಾಗಿದ್ದರು. 1958ರಲ್ಲಿ ಅದು ಹೈದರಾಬಾದಿಗೆ ಹೋಯಿತು. ಭಾರತೀಯರಿಗಾಗಿ ಮೊದಲ ಪಟ್ಟಿ ತಯಾರಾದದ್ದು 1944ರಲ್ಲಿ. ಆಮೇಲೆ ಹಲವು ಸಲ ತಿದ್ದಿದ್ದಾರೆ. ಈಗ ನಾವು ಬಳಸುವುದು 2020ರ ಪಟ್ಟಿ.

ಈ ಪಟ್ಟಿಯಲ್ಲಿ ಒಬ್ಬ 'ಮಾದರಿ ಪುರುಷ', ಒಬ್ಬ 'ಮಾದರಿ ಮಹಿಳೆ' ಇದ್ದಾರೆ. ಪುರುಷನ ತೂಕ 65 ಕಿಲೋ, ಮಹಿಳೆಯದ್ದು 55 ಕಿಲೋ. ವಯಸ್ಸು 19ರಿಂದ 39. ಇಬ್ಬರಿಗೂ ಯಾವ ಕಾಯಿಲೆಯೂ ಇಲ್ಲ. ಎಂಟು ಗಂಟೆ ಕೆಲಸ, ಎಂಟು ಗಂಟೆ ಹಾಸಿಗೆಯಲ್ಲಿ, ಉಳಿದದ್ದು ಕೂರಲು, ಓಡಾಡಲು, ಸ್ವಲ್ಪ ನಡಿಗೆಗೆ. ಇಂಥ ದಿನ ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ನಿಲ್ಲುವ ನಮಗೆ ಯಾರಿಗಿದೆ ಹೇಳಿ! ಆದರೂ ಲೆಕ್ಕಕ್ಕೆ ಒಂದು ಗೆರೆ ಬೇಕಲ್ಲ, ಅದಕ್ಕಾಗಿ ಇವರಿಬ್ಬರು. ಪಟ್ಟಿಯನ್ನು ನಿಮಗೆ ಅನ್ವಯಿಸುವಾಗ ಇವರು ನೀವಲ್ಲ ಎಂಬುದನ್ನು ಮೊದಲು ನೆನಪಿಟ್ಟುಕೊಳ್ಳಿ.

ಶಕ್ತಿಯ ಲೆಕ್ಕವೇ ಬೇರೆ

ಕ್ಯಾಲೊರಿ ಎಂದರೆ ಊಟದಿಂದ ಬರುವ ಶಕ್ತಿಯ ಅಳತೆ. ಅನ್ನ, ರೊಟ್ಟಿ, ಸಕ್ಕರೆಯಂಥ ಪಿಷ್ಟ ಪದಾರ್ಥ ಮತ್ತು ಪ್ರೋಟೀನ್ ಒಂದು ಗ್ರಾಂಗೆ ಸುಮಾರು 4 ಕಿಲೋ ಕ್ಯಾಲೊರಿ ಕೊಡುತ್ತವೆ. ಎಣ್ಣೆ, ತುಪ್ಪ, ಡಾಲ್ಡಾ ಯಾವುದೇ ಇರಲಿ, ಗ್ರಾಂಗೆ 9.

2020ರ ಪಟ್ಟಿಯ ಪ್ರಕಾರ ಕೂತು ಕೆಲಸ ಮಾಡುವ ಪುರುಷನಿಗೆ ದಿನಕ್ಕೆ 2110 ಕಿಲೋ ಕ್ಯಾಲೊರಿ ಬೇಕು, ಮಧ್ಯಮ ದುಡಿಮೆಯವನಿಗೆ 2710, ಮೂಟೆ ಹೊರುವಂಥ ಭಾರದ ಕೆಲಸದವನಿಗೆ 3470. ಮಹಿಳೆಗೆ ಕ್ರಮವಾಗಿ 1660, 2130, 2720. ಹೊಟ್ಟೆಯಲ್ಲಿ ಮಗುವಿದ್ದರೆ ಇದರ ಮೇಲೆ 350, ಎದೆಹಾಲು ಕುಡಿಸುವ ಮೊದಲ ಆರು ತಿಂಗಳು 600, ಮುಂದಿನ ಆರು ತಿಂಗಳು 520.

ಗರ್ಭಿಣಿ ಇಬ್ಬರಿಗಾಗಿ ತಿನ್ನಬೇಕು ಎನ್ನುವ ಮಾತು ನಮ್ಮಲ್ಲಿ ಪ್ರತಿ ಮನೆಯಲ್ಲೂ ಕೇಳುತ್ತದೆ. ಲೆಕ್ಕ ನೋಡಿ: ಹೆಚ್ಚು ಬೇಕಾಗಿರುವುದು 350. ಎರಡು ಚಪಾತಿ, ಸ್ವಲ್ಪ ದಾಲ್, ಒಂದು ಲೋಟ ಹಾಲು, ಅಷ್ಟೇ. ಬಾಣಂತಿಗೆ ಅದಕ್ಕಿಂತ ಹೆಚ್ಚು ಬೇಕು. ನಮ್ಮಲ್ಲಿ ಮಾಡುವುದು ಇದಕ್ಕೆ ತಿರುಗುಮುರುಗು. ಬಸುರಿಗೆ ಒತ್ತಾಯ ಮಾಡಿ ತಿನ್ನಿಸುತ್ತೇವೆ, ಹೆರಿಗೆಯಾದ ಮೇಲೆ 'ಮಗುವಿಗೆ ಶೀತ, ಮಗುವಿಗೆ ವಾಯು' ಎಂದು ಒಂದೊಂದೇ ಪದಾರ್ಥ ಬಿಡಿಸಿ ಅನ್ನ ಮೆಣಸಿನ ಸಾರಿನಲ್ಲಿ ನಿಲ್ಲಿಸುತ್ತೇವೆ. ದಾದಿ, ನಾನಿಯರು ಬೇಸರಪಡಬಾರದು. ಅವರ ಎಣ್ಣೆ ಸ್ನಾನ, ವಿಶ್ರಾಂತಿ ಎಲ್ಲವೂ ಸರಿ. ತಟ್ಟೆ ಮಾತ್ರ ಖಾಲಿಯಾಗಬಾರದು.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಡಿಗ್ರಿ ಮುಗಿಸಿ ಹೊಸದಾಗಿ ದವಾಖಾನೆ ತೆರೆದಾಗ ಒಂದು ಊಟದ ಪಟ್ಟಿಯನ್ನು ಝೆರಾಕ್ಸ್ ಮಾಡಿಸಿ ಬಂದವರಿಗೆಲ್ಲ ಕೊಡುತ್ತಿದ್ದೆ. ಅದು 2400 ಕಿಲೋ ಕ್ಯಾಲೊರಿಯ ಪಟ್ಟಿ. ದಿನವಿಡೀ ಕೂತು ಬಟ್ಟೆಗೆ ಜರಿ ಕೆಲಸ ಮಾಡುವ ಹಿರಿಯರೊಬ್ಬರು ಅದನ್ನು ಶ್ರದ್ಧೆಯಿಂದ ಪಾಲಿಸಿದರು. ವರ್ಷದಲ್ಲಿ ಏಳು ಕಿಲೋ ಏರಿದರು, ಸಕ್ಕರೆಯೂ ಏರಿತು. "ನೀವು ಹೇಳಿದ್ದನ್ನೇ ತಿಂದೆನಲ್ಲ ಮಿಯಾ" ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆಹಾರದ ಪ್ರಮಾಣ ಮನುಷ್ಯನ ಮಿಜಾಜು, ವಯಸ್ಸು, ದುಡಿಮೆ, ಋತು ನೋಡಿ ಬದಲಾಗಬೇಕು ಎಂದು ನಾವು ಯುನಾನಿಯವರು ಮೊದಲ ವರ್ಷದಲ್ಲೇ ಓದುತ್ತೇವೆ. ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳು, 'ಅಸ್ಬಾಬೆ ಸಿತ್ತಾ ಝರೂರಿಯಾ', ಅದರಲ್ಲಿ ಊಟ ಪಾನೀಯದ ಪಕ್ಕದಲ್ಲೇ ದೇಹದ ಚಲನೆ ಮತ್ತು ವಿಶ್ರಾಂತಿ ಇದೆ. ಓದಿದ್ದು ಒಂದು, ಝೆರಾಕ್ಸ್ ಮಾಡಿಸಿದ್ದು ಇನ್ನೊಂದು.

ಶಾದಿ ಮಹಲಿನ ಬಾವರ್ಚಿ

ಈಗ ಮುಖ್ಯ ವಿಷಯ. ಶಕ್ತಿಗೆ ಕೊಟ್ಟ ಅಂಕಿಯೂ ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್‌ಗಳಿಗೆ ಕೊಟ್ಟ ಅಂಕಿಯೂ ಒಂದೇ ಬಗೆಯವಲ್ಲ. ಓದಿದವರೂ ಇಲ್ಲಿ ಎಡವುತ್ತಾರೆ.

ಮದುವೆಗೆ ನೂರು ಜನ ಬರುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬೊಬ್ಬರ ಹಸಿವು ಒಂದೊಂದು ಥರ. ಎಲ್ಲರ ಹಸಿವನ್ನೂ ಕೂಡಿಸಿ ನೂರರಿಂದ ಭಾಗಿಸಿದರೆ ಸರಾಸರಿ ಸಿಗುತ್ತದೆ. ಬಾವರ್ಚಿ ಪ್ರತಿಯೊಬ್ಬರ ತಟ್ಟೆಗೂ ಆ ಸರಾಸರಿಯಷ್ಟೇ ಬಿರಿಯಾನಿ ಹಾಕಿ ಮತ್ತೆ ಕೇಳದೆ ಹೋದರೆ ಏನಾಗುತ್ತದೆ? ಹೆಚ್ಚುಕಡಿಮೆ ಐವತ್ತು ಜನ ಅರೆಹೊಟ್ಟೆಯಲ್ಲಿ ಏಳುತ್ತಾರೆ. ಹಾಗಾಗಿ ಆತ ನೂರರಲ್ಲಿ 97–98 ಜನಕ್ಕೆ ಸಾಕಾಗುವಷ್ಟು ದೊಡ್ಡ ಪಾಲು ಹಾಕುತ್ತಾನೆ.

ಪೌಷ್ಟಿಕಾಂಶದ ಪಟ್ಟಿಯಲ್ಲಿ ಮೊದಲನೆಯದಕ್ಕೆ 'ಅಂದಾಜು ಸರಾಸರಿ ಅಗತ್ಯ' ಎನ್ನುತ್ತಾರೆ. ಎರಡನೆಯದು 'ಶಿಫಾರಸು ಮಾಡಿದ ದೈನಂದಿನ ಪ್ರಮಾಣ', ಅಂದರೆ ಡಬ್ಬಿಗಳ ಮೇಲೆ ಕಾಣುವ ಆರ್‌ಡಿಎ. ಇದು ಬಹುತೇಕ ಎಲ್ಲ ಆರೋಗ್ಯವಂತರಿಗೂ ಸಾಲುವಂತೆ ಬೇಕೆಂದೇ ಮೇಲೆ ಇಟ್ಟ ಗೆರೆ. ನೀವು ಅದಕ್ಕಿಂತ ಸ್ವಲ್ಪ ಕಡಿಮೆ ತಿಂದ ಮಾತ್ರಕ್ಕೆ ನಿಮಗೆ ಕೊರತೆ ಇದೆ ಎಂದರ್ಥವಲ್ಲ. ಕೊರತೆ ಇದೆಯೋ ಇಲ್ಲವೋ ಹೇಳುವುದು ರಕ್ತ ಪರೀಕ್ಷೆ ಮತ್ತು ವೈದ್ಯರ ತಪಾಸಣೆ, ಪಟ್ಟಿಯಲ್ಲ.

ಶಕ್ತಿಗೆ ಮಾತ್ರ ಇಂಥ ಮೇಲಿನ ಗೆರೆ ಹಾಕುವುದಿಲ್ಲ, ಸರಾಸರಿಯನ್ನೇ ಕೊಡುತ್ತಾರೆ. ಕಾರಣ ಸರಳ. ವಿಟಮಿನ್ ಸಿ ಸ್ವಲ್ಪ ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ಕ್ಯಾಲೊರಿ ಹೆಚ್ಚಾದರೆ ಹೋಗುವುದಿಲ್ಲ, ಸೊಂಟದಲ್ಲಿ ಕೂರುತ್ತದೆ. 97 ಜನಕ್ಕೆ ಸಾಕಾಗುವಷ್ಟು ಕ್ಯಾಲೊರಿಯನ್ನು ಎಲ್ಲರಿಗೂ ಹೇಳಿದರೆ ಹೆಚ್ಚಿನವರು ದಪ್ಪಗಾಗುತ್ತಾರೆ, ನನ್ನ ಜರಿ ಕೆಲಸದ ಹಿರಿಯರ ಹಾಗೆ.

ಪಟ್ಟಿಯಲ್ಲಿ ಮೂರನೆಯ ಗೆರೆಯೂ ಇದೆ. ಅದು ಮೇಲ್ಮಿತಿ. ದಿನವೂ ಅದನ್ನು ದಾಟಿದರೆ ತೊಂದರೆಯಾಗಬಹುದು. ಇದರ ಬಗ್ಗೆ ಮುಂದೆ ಒಂದು ಎಚ್ಚರಿಕೆಯ ಮಾತು ಹೇಳಬೇಕಿದೆ.

ಸಣ್ಣ ತಟ್ಟೆ, ದೊಡ್ಡ ಅಗತ್ಯ

ಆ ದಂಪತಿಯ ಪ್ರಶ್ನೆಗೆ ಬರೋಣ. ನಾನು ಕೇಳಿದೆ, ಮನೆಯಲ್ಲಿ ಯಾರು ಏನು ತಿನ್ನುತ್ತೀರಿ? ಆಕೆಯೇ ಹೇಳಿದರು. ವಾರಕ್ಕೆರಡು ದಿನ ಗೋಶ್ತ್ ತಂದಾಗ ಕಲೇಜಿ ಇವರಿಗೆ, ಒಳ್ಳೆಯ ತುಂಡು ಮಕ್ಕಳಿಗೆ. ಉಳಿದ ರಸದಲ್ಲಿ ಆಕೆ ಅನ್ನ ಕಲಸಿಕೊಳ್ಳುತ್ತಾರೆ. ಊಟವಾದ ಕೂಡಲೇ ಒಂದು ಲೋಟ ಚಹಾ. "ಅವರು ಮೂಟೆ ಹೊರ್ತಾರೆ ಸಾಬ್, ಅವರಿಗೆ ತಾಕತ್ತು ಬೇಕಲ್ವಾ?" ಎಂದರು. ಇದರಲ್ಲಿ ಯಾರದ್ದೂ ದ್ರೋಹವಿಲ್ಲ. ಪ್ರೀತಿಯಿಂದಲೇ ಹೀಗೆ ಹಂಚಿಕೊಂಡಿದ್ದರು. ಆದರೆ ಹಂಚಿಕೆ ತಪ್ಪು.

ಮೂಟೆ ಹೊರುವವರಿಗೆ ಬೇಕಾದದ್ದು ಕ್ಯಾಲೊರಿ. ಅದು ಮುದ್ದೆಯಲ್ಲಿ, ಅನ್ನದಲ್ಲಿ, ಚಪಾತಿಯಲ್ಲಿ ಧಾರಾಳವಾಗಿ ಸಿಗುತ್ತದೆ. ಕಬ್ಬಿಣಾಂಶ ಪಟ್ಟಿಯಲ್ಲಿ ಪುರುಷನಿಗೆ ದಿನಕ್ಕೆ 19 ಮಿ.ಗ್ರಾಂ., ಮಹಿಳೆಗೆ 29. ಪ್ರತಿ ತಿಂಗಳು ಮುಟ್ಟಿನಲ್ಲಿ ಹೋಗುವ ರಕ್ತದೊಂದಿಗೆ ಕಬ್ಬಿಣವೂ ಹೋಗುತ್ತದೆ, ಅದನ್ನು ಮತ್ತೆ ತುಂಬಬೇಕು. ಮಹಿಳೆಯರ ಸರಾಸರಿ ಅಗತ್ಯ 15 ಮಿ.ಗ್ರಾಂ. ಇದ್ದರೂ ಶಿಫಾರಸು 29ಕ್ಕೆ ಏರಿರುವುದು, ಮುಟ್ಟಿನ ಸ್ರಾವ ಒಬ್ಬರಿಂದ ಒಬ್ಬರಿಗೆ ಬಹಳ ಬೇರೆ ಇರುವುದರಿಂದ.

ಈಗ ಎರಡು ಅಂಕಿಗಳನ್ನು ಜೋಡಿಸಿ ನೋಡಿ. ಗಂಡನಿಗೆ 3470 ಕಿಲೋ ಕ್ಯಾಲೊರಿಯ ಊಟದಲ್ಲಿ 19 ಮಿ.ಗ್ರಾಂ. ಕಬ್ಬಿಣ ಸಿಗಬೇಕು. ಅಂದರೆ ಪ್ರತಿ ಸಾವಿರ ಕ್ಯಾಲೊರಿಗೆ ಐದೂವರೆ. ಹೆಂಡತಿಗೆ 1660ರಲ್ಲೇ 29 ಸಿಗಬೇಕು. ಪ್ರತಿ ಸಾವಿರಕ್ಕೆ ಹದಿನೇಳೂವರೆ. ಮನೆಗೆಲಸವನ್ನೆಲ್ಲ ಸೇರಿಸಿ ಆಕೆಯದ್ದು ಮಧ್ಯಮ ದುಡಿಮೆ ಎಂದು 2130 ಹಿಡಿದರೂ ಹದಿಮೂರೂವರೆ ದಾಟುತ್ತದೆ. ಆತನ ಒಂದು ತುತ್ತಿಗಿಂತ ಆಕೆಯ ಒಂದು ತುತ್ತಿನಲ್ಲಿ ಎರಡೂವರೆಯಿಂದ ಮೂರು ಪಟ್ಟು ಕಬ್ಬಿಣ ಇರಬೇಕು. ನಮ್ಮ ಮನೆಗಳಲ್ಲಿ ಇರುವುದು ಇದಕ್ಕೆ ಉಲ್ಟಾ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಕಂಡುಬಂತು. ನಮ್ಮ ಕರ್ನಾಟಕದಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು.

2010ರ ಪಟ್ಟಿಯೊಂದಿಗೆ ಹೋಲಿಸಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಆಗ ಕೂತು ಕೆಲಸ ಮಾಡುವ ಮಹಿಳೆಗೆ 1900 ಕಿಲೋ ಕ್ಯಾಲೊರಿ, 21 ಮಿ.ಗ್ರಾಂ. ಕಬ್ಬಿಣ ಎಂದಿತ್ತು. ಹತ್ತು ವರ್ಷದಲ್ಲಿ ಕ್ಯಾಲೊರಿ ಇಳಿಯಿತು, ಕಬ್ಬಿಣ ಏರಿತು. ಹೆಂಗಸಿನ ತಟ್ಟೆ ಚಿಕ್ಕದಿರಲಿ, ಆದರೆ ಅದರಲ್ಲಿ ಸತ್ವ ತುಂಬಿರಲಿ ಎಂದೇ ಪಟ್ಟಿ ಹೇಳುತ್ತಿದೆ.

ಹಾಗಾದರೆ ಏನು ತಿನ್ನಬೇಕು? ಪಾಲಿಶ್ ಅಕ್ಕಿ 100 ಗ್ರಾಂನಲ್ಲಿ 1 ಮಿ.ಗ್ರಾಂ. ಕಬ್ಬಿಣವೂ ಇಲ್ಲ. ರಾಗಿ ಮತ್ತು ತೌಡು ತೆಗೆಯದ ಗೋಧಿ ಹಿಟ್ಟಿನಲ್ಲಿ ನಾಲ್ಕರಿಂದ ನಾಲ್ಕೂವರೆ. ಹುರಳಿಯಲ್ಲಿ ಎಂಟರ ಮೇಲೆ. ದಂಟು, ನುಗ್ಗೆ ಸೊಪ್ಪುಗಳಲ್ಲಿ ನಾಲ್ಕೂವರೆಯ ಆಸುಪಾಸು, ಅವುಗಳಲ್ಲಿ ಕ್ಯಾಲೊರಿ ಬಹಳ ಕಡಿಮೆ ಇರುವುದರಿಂದ ಸಣ್ಣ ತಟ್ಟೆಗೆ ಹೇಳಿ ಮಾಡಿಸಿದಂತಿವೆ. ಕೋಲಾರದ ಕಡೆಯಿಂದ ನಮ್ಮ ಸಂತೆಗೆ ಬರುವ ಸೊಪ್ಪಿನ ಕಟ್ಟು ಮತ್ತು ಹುರಳಿ, ಎರಡು ದಿನದ ಕೂಲಿಯ ಡಬ್ಬಿಗಿಂತ ಎಷ್ಟೋ ಅಗ್ಗ.

ಬೀಟ್‌ರೂಟ್ ಬಗ್ಗೆ ವಾರಕ್ಕೊಮ್ಮೆಯಾದರೂ ಯಾರಾದರೂ ಕೇಳುತ್ತಾರೆ. ಬಣ್ಣ ರಕ್ತದ್ದೇ. ಕಬ್ಬಿಣ ಮಾತ್ರ 100 ಗ್ರಾಂನಲ್ಲಿ 1 ಮಿ.ಗ್ರಾಂ. ಇಲ್ಲ. ಖರ್ಜೂರ ಬರಕತ್ತಿನ ಹಣ್ಣು, ತಿನ್ನಿ. ಆದರೆ ಮೂರು ಖರ್ಜೂರದಿಂದ ಸಿಗುವ ಕಬ್ಬಿಣ ಹೆಚ್ಚೆಂದರೆ 1 ಮಿ.ಗ್ರಾಂ. ಆಸುಪಾಸು. ಅದರ ಮೇಲೆ ಭರವಸೆ ಇಟ್ಟು ಮಾತ್ರೆ ಬಿಡಬೇಡಿ.

ತಿಂದದ್ದೆಲ್ಲ ರಕ್ತಕ್ಕೆ ಸೇರುವುದೂ ಇಲ್ಲ. ಧಾನ್ಯ, ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ. ಮಾಂಸ, ಮೀನಿನ ಕಬ್ಬಿಣ ಅದಕ್ಕಿಂತ ಚೆನ್ನಾಗಿ ಹತ್ತುತ್ತದೆ, ಜೊತೆಗೆ ತಿಂದ ಸೊಪ್ಪಿನ ಕಬ್ಬಿಣವನ್ನೂ ಎಳೆದುಕೊಳ್ಳುತ್ತದೆ. ಅದಕ್ಕೇ ಆಕೆಗೆ ಹೇಳಿದೆ, ರಸ ಮಾತ್ರ ಅಲ್ಲ, ಎರಡು ತುಂಡು ನಿಮ್ಮ ತಟ್ಟೆಗೂ ಬರಲಿ. ನಿಂಬೆಹಣ್ಣು, ಸೀಬೆ, ನೆಲ್ಲಿಕಾಯಿಯ ವಿಟಮಿನ್ ಸಿ ಕಬ್ಬಿಣ ಹೀರಲು ನೆರವಾಗುತ್ತದೆ. ಹುರಳಿ, ಹೆಸರು ಕಾಳು, ರಾಗಿಯನ್ನು ಮೊಳಕೆ ಬರಿಸಿದರೆ ಕಬ್ಬಿಣವನ್ನು ಕಟ್ಟಿಹಾಕುವ ಅಂಶ ಕಡಿಮೆಯಾಗುತ್ತದೆ. ಚಹಾ, ಕಾಫಿ ಮಾತ್ರ ಕೆಡಿಸುತ್ತವೆ. ಊಟಕ್ಕೂ ಚಹಾಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ಬಿರಿಯಾನಿ ಆದಮೇಲೆ ಶಿವಾಜಿನಗರದಲ್ಲಿ ಕುಡಿಯುವ ಸುಲೈಮಾನಿ? ಅದರೊಳಗಿನ ನಿಂಬೆ ಒಳ್ಳೆಯದು, ಡಿಕಾಕ್ಷನ್ ಅಲ್ಲ. ಹೆಂಗಸರು ಆ ನಿಂಬೆಯನ್ನು ಊಟದ ತಟ್ಟೆಗೇ ಹಿಂಡಿಕೊಂಡು ಸುಲೈಮಾನಿಯನ್ನು ಸಂಜೆಗೆ ಇಟ್ಟುಕೊಳ್ಳಲಿ.

ಕಲೇಜಿಯ ಬಗ್ಗೆ ಒಂದು ಎಚ್ಚರಿಕೆ. ಕಬ್ಬಿಣಕ್ಕೆ ಅದು ಒಳ್ಳೆಯದೇ, ಆದರೆ ಅದರಲ್ಲಿ ವಿಟಮಿನ್ ಎ ವಿಪರೀತ ಇರುತ್ತದೆ. ಗರ್ಭಿಣಿಯರು ಅದನ್ನು ಪದೇ ಪದೇ ತಿನ್ನಬಾರದು, ಮಗುವಿನ ಬೆಳವಣಿಗೆಗೆ ಹಾನಿಯಾಗಬಹುದು.

ಡಬ್ಬಿಯ ದಿನ

ಅಂಗಡಿಯ ಪೊಟ್ಟಣಗಳ ಮೇಲೆ ಕ್ಯಾಲೊರಿ, ಕೊಬ್ಬು, ಸಕ್ಕರೆ, ಉಪ್ಪಿನ ಎದುರು ಬರೆಯುವ ಶೇಕಡಾ ಲೆಕ್ಕಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಒಂದೇ ಮಾನದಂಡ ಇಟ್ಟಿದೆ: 2000 ಕಿಲೋ ಕ್ಯಾಲೊರಿ, 67 ಗ್ರಾಂ ಕೊಬ್ಬು, 50 ಗ್ರಾಂ ಸೇರಿಸಿದ ಸಕ್ಕರೆ, 2000 ಮಿ.ಗ್ರಾಂ. ಸೋಡಿಯಂ. ಮೂಟೆ ಹೊರುವವರಿಗೂ, ಹೊಲಿಗೆಯವರಿಗೂ, ಆರು ವರ್ಷದ ಮಗುವಿಗೂ ಅದೇ. ಆ 2000ದ ಮನುಷ್ಯ ಅವರ ಮನೆಯಲ್ಲಿ ಯಾರೂ ಇರಲಿಲ್ಲ. "ಇದು ಯಾರ ದಿನ" ಎಂದದ್ದಕ್ಕೆ ನೇರ ಉತ್ತರ ಇದು: ನಿಮ್ಮಿಬ್ಬರದ್ದೂ ಅಲ್ಲ.

ಇನ್ನೊಂದು, ಆ ಶೇಕಡಾ 'ಒಂದು ಬಾರಿಯ ಪ್ರಮಾಣ'ಕ್ಕೆ ಬರೆದದ್ದು. ಬಿಸ್ಕತ್ತಿನಲ್ಲಿ ಒಂದು ಬಾರಿ ಎಂದರೆ ಎರಡೋ ಮೂರೋ ಬಿಸ್ಕತ್ತು ಇರಬಹುದು. ಮಕ್ಕಳು ಪೊಟ್ಟಣವೇ ಖಾಲಿ ಮಾಡುತ್ತಾರೆ. 2000 ಮಿ.ಗ್ರಾಂ. ಸೋಡಿಯಂ ಎಂದರೆ ಸುಮಾರು 5 ಗ್ರಾಂ ಉಪ್ಪು, ಒಂದು ಟೀ ಚಮಚ. ಸಾರು, ಉಪ್ಪಿನಕಾಯಿ, ಹಪ್ಪಳ, ಚಿಪ್ಸ್ ಎಲ್ಲ ಸೇರಿ ಅಷ್ಟು.

ಪ್ರೋಟೀನ್, ಕ್ಯಾಲ್ಸಿಯಂ

ಪ್ರೋಟೀನಿನ ಲೆಕ್ಕ ಸುಲಭ. ತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ. ಮಾದರಿ ಪುರುಷನಿಗೆ 54, ಮಹಿಳೆಗೆ 46 ಗ್ರಾಂ. ನಿಮ್ಮ ತೂಕ 48 ಕಿಲೋ ಇದ್ದರೆ 40 ಗ್ರಾಂ ಸಾಕು. ತೂಕ ವಿಪರೀತ ಹೆಚ್ಚಿರುವವರು ತಮ್ಮ ಎತ್ತರಕ್ಕೆ ತಕ್ಕ ತೂಕ ಹಿಡಿಯಬೇಕು. ಎರಡು ಚಪಾತಿಯಲ್ಲಿ 6 ಗ್ರಾಂ, 150 ಗ್ರಾಂ ಅಕ್ಕಿಯ ಅನ್ನದಲ್ಲಿ 12, ಒಂದು ಹಿಡಿ ತೊಗರಿಬೇಳೆಯಲ್ಲಿ 8, ಒಂದು ಮೊಟ್ಟೆಯಲ್ಲಿ 6, ಹಾಲು ಮೊಸರು ಸೇರಿ ಕಾಲು ಲೀಟರಿಗೆ 8. ಇಷ್ಟಕ್ಕೇ 40 ಆಯಿತು. ಡಬ್ಬಿಯ ಪುಡಿ ಎಲ್ಲಿ ಬೇಕಾಯಿತು?

ಆದರೆ ಅನ್ನ ಒಂದರಿಂದಲೇ 40 ಗ್ರಾಂ ತುಂಬಿಸಿಕೊಂಡರೆ ಅದು ಲೆಕ್ಕಕ್ಕಿಲ್ಲ. ಅಕ್ಕಿ, ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಇದು ಮನುಷ್ಯನಿಗೆ ಎಷ್ಟು ಬೇಕು ಎಂಬ ಲೆಕ್ಕವನ್ನು ಜಗತ್ತೇ ತಿದ್ದಿಕೊಳ್ಳುವಂತೆ ಮಾಡಿದ ಕೆಲಸದಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅನುರಾ ಕುರ್ಪಾಡ್ ಮತ್ತು ಸಂಗಡಿಗರು ಈ ಬಗ್ಗೆ ಪ್ರಯೋಗಗಳನ್ನು ನಡೆಸಿದರು. ದಿನಕ್ಕೆ ತೂಕದ ಪ್ರತಿ ಕಿಲೋಗೆ 12 ಮಿ.ಗ್ರಾಂ. ಎಂದಿದ್ದ ಲೈಸಿನ್ ಅಗತ್ಯ, 2007ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯಲ್ಲಿ 30 ಆಯಿತು. ಲೈಸಿನ್ ಬೇಳೆಕಾಳಿನಲ್ಲಿ ಧಾರಾಳ ಇದೆ, ಹಾಲು, ಮೊಟ್ಟೆ, ಮಾಂಸದಲ್ಲೂ ಇದೆ. ಮೂರು ಹಿಡಿ ಅಕ್ಕಿಗೆ ಒಂದು ಹಿಡಿ ಬೇಳೆ ಎಂದು ನೆನಪಿಡಿ. ಬೇಳೆ ದುಬಾರಿಯಾದಾಗ ಸಾರನ್ನು ನೀರು ಮಾಡುತ್ತೇವೆ, ಅದರಲ್ಲೂ ಕೊನೆಗೆ ಕೂರುವವರಿಗೆ ತೆಳ್ಳಗಿನ ನೀರೇ ಸಿಗುತ್ತದೆ.

ಕ್ಯಾಲ್ಸಿಯಂ 2010ರಲ್ಲಿ 600 ಮಿ.ಗ್ರಾಂ. ಇತ್ತು, ಈಗ 1000. ಎದೆಹಾಲು ಕುಡಿಸುವವರಿಗೆ 1200. ರಾಗಿ ಹಿಟ್ಟು 100 ಗ್ರಾಂನಲ್ಲಿ 360ರ ಆಸುಪಾಸು, ಒಂದು ಲೋಟ ಹಾಲಿನಲ್ಲಿ 240. ಒಂದು ಮುದ್ದೆ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು, ಸೊಪ್ಪು, ಇಷ್ಟಾದರೆ ಹತ್ತಿರಕ್ಕೆ ಬಂದಂತೆ. ನಮ್ಮವರಲ್ಲಿ ಮುದ್ದೆಯನ್ನು 'ಹಳ್ಳಿ ಊಟ' ಎಂದು ಬಿಟ್ಟು ಮೈದಾ ಪರಾಟಕ್ಕೆ ಹೋದವರೇ ಹೆಚ್ಚು. ನನ್ನ ಅಮ್ಮಿ ಈಗಲೂ ಮುದ್ದೆಯನ್ನು ಪಾಯಾ ಶೋರ್ಬಾದಲ್ಲಿ ಅದ್ದಿ ನುಂಗುತ್ತಾರೆ, ಎಪ್ಪತ್ತೊಂದರಲ್ಲೂ ಮೊಣಕಾಲು ಹಿಡಿಯದೆ ಮೆಟ್ಟಿಲು ಹತ್ತುತ್ತಾರೆ.

ಮಾತ್ರೆ ನಿಲ್ಲಿಸಿದ ಗರ್ಭಿಣಿ

ಮೇಲ್ಮಿತಿಯ ಬಗ್ಗೆ ಹೇಳಬೇಕಾದ ಮಾತು ಇದು. ಐದು ತಿಂಗಳ ಗರ್ಭಿಣಿಯೊಬ್ಬರ ಗಂಡ ಓದಿದವರು, ಕಂಪ್ಯೂಟರ್ ಕೆಲಸ. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಕಬ್ಬಿಣದ ಮಾತ್ರೆಯಲ್ಲಿ 60 ಮಿ.ಗ್ರಾಂ. ಇದೆ, ಪಟ್ಟಿಯಲ್ಲಿ ಮೇಲ್ಮಿತಿ 45, ಗರ್ಭಿಣಿಗೆ ಶಿಫಾರಸು 27 ಮಾತ್ರ ಎಂದು ಓದಿ ಹೆದರಿ ಮಾತ್ರೆ ನಿಲ್ಲಿಸಿದ್ದರು. ಎರಡು ತಿಂಗಳಲ್ಲಿ ಆಕೆಯ ಹಿಮೋಗ್ಲೋಬಿನ್ 10ರಿಂದ 8ಕ್ಕೆ ಇಳಿದಿತ್ತು.

ಅವರ ಅಂಕಿಗಳೆಲ್ಲ ಸರಿ, ಓದಿದ ರೀತಿ ತಪ್ಪು. ಗರ್ಭದ ಸಮಯದಲ್ಲಿ ಮುಟ್ಟು ನಿಲ್ಲುತ್ತದೆ, ಕರುಳು ಕಬ್ಬಿಣವನ್ನು ಹೆಚ್ಚು ಹೀರುತ್ತದೆ, ಅದಕ್ಕೇ ಪಟ್ಟಿಯಲ್ಲಿ 27. ಅದು ಮೊದಲೇ ದೇಹದಲ್ಲಿ ಕಬ್ಬಿಣದ ಉಳಿತಾಯ ಇರುವ ಆರೋಗ್ಯವಂತೆಯ ಲೆಕ್ಕ. ನಮ್ಮ ಹೆಚ್ಚಿನ ಹೆಣ್ಣುಮಕ್ಕಳು ಖಾಲಿ ಖಜಾನೆಯೊಂದಿಗೆ ಗರ್ಭಿಣಿಯಾಗುತ್ತಾರೆ. ಮಾತ್ರೆ ಆಹಾರವಲ್ಲ, ವೈದ್ಯರ ನಿಗಾದಲ್ಲಿ ಕೊಡುವ ಔಷಧಿ. ಆಹಾರದ ಪಟ್ಟಿಯ ಮೇಲ್ಮಿತಿಯಿಂದ ಅದನ್ನು ಅಳೆಯುವುದಿಲ್ಲ. ಸರ್ಕಾರದ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ 60 ಮಿ.ಗ್ರಾಂ. ಕಬ್ಬಿಣ ಮತ್ತು 500 ಮೈಕ್ರೋ ಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ನಾಲ್ಕನೇ ತಿಂಗಳಿನಿಂದ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕೊಡುತ್ತಾರೆ. ನಿಲ್ಲಿಸಬೇಡಿ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ತೆಗೆದುಕೊಳ್ಳಿ. ಚಹಾದೊಂದಿಗೆ ಬೇಡ. ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಬೇಡ, ಎರಡು ಗಂಟೆ ಬಿಡಿ. ಮಲ ಕಪ್ಪಗಾದರೆ ಹೆದರಬೇಡಿ.

ನಮ್ಮ ಯುನಾನಿಯ ಶರ್ಬತ್ ಫೌಲಾದ್ ಕೂಡ ಕಬ್ಬಿಣದ ಔಷಧಿಯೇ. ಸರ್ಕಾರಿ ಮಾತ್ರೆಯ ಜೊತೆ ಅದನ್ನೂ ಅಂಗಡಿಯಿಂದ ತಂದು ಕುಡಿಯುವವರಿದ್ದಾರೆ. ಹಾಗೆ ಮಾಡಬಾರದು. ಎರಡರಲ್ಲಿ ಯಾವುದು, ಎಷ್ಟು ದಿನ ಎಂದು ನಿಮ್ಮನ್ನು ನೋಡುತ್ತಿರುವ ವೈದ್ಯರು ಹೇಳಲಿ. ಥಲಸ್ಸೇಮಿಯ ಇರುವವರು ಕೇಳದೆ ಕಬ್ಬಿಣ ತೆಗೆದುಕೊಳ್ಳಲೇಬಾರದು. ಮೂತ್ರಪಿಂಡದ ಕಾಯಿಲೆಯವರು ಪ್ರೋಟೀನ್ ಅಂಕಿಯನ್ನು ಈ ಲೇಖನದಿಂದ ತೆಗೆದುಕೊಳ್ಳಬೇಡಿ. ಪಟ್ಟಿ ಆರೋಗ್ಯವಂತರದ್ದು.

ರಮಝಾನಿನ ಬಗ್ಗೆಯೂ ಎರಡು ಮಾತು. ರೋಝಾ ಇದ್ದರೂ ದಿನದ ಅಗತ್ಯ ಬದಲಾಗುವುದಿಲ್ಲ, ಹೊತ್ತು ಬದಲಾಗುತ್ತದೆ. ಇಫ್ತಾರಿನಲ್ಲಿ ಕರಿದದ್ದೇ ತುಂಬಿದರೆ ಕ್ಯಾಲೊರಿ ಮುಗಿಯುತ್ತದೆ, ಕಬ್ಬಿಣ, ಕ್ಯಾಲ್ಸಿಯಂ ಬಾಕಿ ಉಳಿಯುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕಿಲೋ ಕ್ಯಾಲೊರಿ ಇದೆ. ಸಹ್ರಿಯಲ್ಲಿ ಗೋಶ್ತ್, ದಾಲ್ ತಿಂದು ಅಝಾನಿಗೆ ಎರಡು ನಿಮಿಷ ಇರುವಾಗ ಚಹಾ ಕುಡಿಯುವುದು ನಮ್ಮೆಲ್ಲರ ಅಭ್ಯಾಸ, ನನ್ನದೂ. ಆ ಚಹಾವನ್ನು ಇಫ್ತಾರ್, ಮಗ್ರಿಬ್ ಎಲ್ಲ ಮುಗಿದು ಒಂದು ಗಂಟೆಯ ಮೇಲಕ್ಕೆ ಸರಿಸಿ ನೋಡಿ.

ನಿಮ್ಮ ಮನೆಯ ಲೆಕ್ಕ ತಿಳಿಯಬೇಕಿದ್ದರೆ ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ತಂದ ಸಾಮಾನಿನ ಪಟ್ಟಿಯಲ್ಲ, ಒಬ್ಬೊಬ್ಬರ ತಟ್ಟೆಗೆ ನಿಜವಾಗಿ ಬಿದ್ದದ್ದು. ಕೊನೆಗೆ ಕೂತವರ ತಟ್ಟೆಯಿಂದಲೇ ಶುರುಮಾಡಿ.

ಆ ದಂಪತಿಗೆ ಡಬ್ಬಿ ವಾಪಸು ಮಾಡಲು ಹೇಳಿದೆ, ಅಂಗಡಿಯವರು ತೆಗೆದುಕೊಳ್ಳಲಿಲ್ಲ, ಮಕ್ಕಳು ಕುಡಿದು ಮುಗಿಸಿದರಂತೆ. ಆಕೆಗೆ ಹೊಟ್ಟೆಹುಳದ ಔಷಧಿ, ಕಬ್ಬಿಣದ ಮಾತ್ರೆ ಶುರುಮಾಡಿ, ಮುಟ್ಟಿನ ಸ್ರಾವ ಹೆಚ್ಚಿದ್ದರಿಂದ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರಿಗೆ ಕಳುಹಿಸಿದೆ. ಮೂರು ತಿಂಗಳ ನಂತರ ಹಿಮೋಗ್ಲೋಬಿನ್ 11.1 ಆಯಿತು. ಅದರಲ್ಲಿ ಹೆಚ್ಚಿನ ಪಾಲು ಮಾತ್ರೆಯದ್ದು, ಊಟದ್ದಲ್ಲ. ಊಟದ ಕೆಲಸ ಮಾತ್ರೆ ಮುಗಿದ ಮೇಲೆ ಅದನ್ನು ಅಲ್ಲೇ ಹಿಡಿದು ನಿಲ್ಲಿಸುವುದು. ಏನು ಬದಲಾಯಿಸಿದಿರಿ ಎಂದು ಕೇಳಿದೆ. ಆಕೆ ನಕ್ಕು ಗಂಡನ ಕಡೆ ನೋಡಿದರು. "ಕಲೇಜಿ ಈಗ ಅವಳೇ ಹಂಚ್ತಾಳೆ ಸಾಬ್," ಎಂದರು ಅವರು, "ನಂಗೆ ಎರಡು ಮುದ್ದೆ ಜಾಸ್ತಿ ಹಾಕ್ತಾಳೆ."